ಮನೆಯ ಜೇಡವನ್ನು ಹುಡುಕಿ ಸಾಕುವುದು: ಒಂದು ಸಮಗ್ರ ಮಾರ್ಗದರ್ಶಿ

ಹಬ್ಬಕ್ಕೆ ಮುನ್ನ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಇಲ್ಲಣ ತೆಗೆಯುವುದು ನಮ್ಮ ಮನೆಗಳ ವಾಡಿಕೆ. ಆ ಇಲ್ಲಣದಲ್ಲಿ ಹೆಚ್ಚಿನದು ಜೇಡವು ಎಂದೋ ಬಿಟ್ಟುಹೋದ, ಧೂಳು ಮತ್ತು ಮಸಿ ಹಿಡಿದ ಹಳೆಯ ಬಲೆ. ಅದನ್ನು ನೇಯ್ದ ಜೀವಿ ಅಷ್ಟರಲ್ಲಿ ಬೇರೊಂದು ಮೂಲೆ ಸೇರಿರುತ್ತದೆ. ಹಳಗಾಲದ ಕನ್ನಡದಲ್ಲಿ ಜೇಡ ಎಂದರೆ ನೇಕಾರ ಎಂಬ ಅರ್ಥವೂ ಇತ್ತು. ಆದರೆ ಸಾಕಿ ನೋಡುವುದಕ್ಕೆ ಅತ್ಯಂತ ಯೋಗ್ಯವಾದ ನಮ್ಮ ಮನೆಯ ಜೇಡಗಳು ಬೇಟೆಗಾಗಿ ಬಲೆ ನೇಯುವುದೇ ಇಲ್ಲ. ಅವು ಗೋಡೆಯ ಮೇಲೆ ಓಡಾಡುತ್ತ, ಕಣ್ಣಿನಿಂದ ನೋಡಿ ಅಥವಾ ಕಾಲಿನಿಂದ ಕಂಪನ ಗ್ರಹಿಸಿ ಬೇಟೆಯಾಡುತ್ತವೆ. ಈ ಮಾರ್ಗದರ್ಶಿಯು ಮುಖ್ಯವಾಗಿ ಅಂತಹ ಎರಡು ಬಗೆಯ ಜೇಡಗಳನ್ನು ಗುರುತಿಸುವ, ನೋವಾಗದಂತೆ ಹಿಡಿಯುವ, ಕೆಲವು ತಿಂಗಳು ಆರೋಗ್ಯವಾಗಿ ಇಟ್ಟುಕೊಳ್ಳುವ ಮತ್ತು ಬೇಕೆನಿಸಿದಾಗ ಹಿಂದಿರುಗಿಸುವ ಕ್ರಮವನ್ನು ಹೇಳುತ್ತದೆ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜೇಡವು ನಾಯಿ ಬೆಕ್ಕುಗಳಂತೆ ನಿಮ್ಮನ್ನು ಹಚ್ಚಿಕೊಳ್ಳುವ ಪ್ರಾಣಿಯಲ್ಲ. ಅದನ್ನು ಎತ್ತಿ ಮುದ್ದಿಸುವ ಆಸೆ ಇದ್ದರೆ ಬೇರೆ ಪ್ರಾಣಿಯನ್ನು ಆರಿಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಜೇಡ ಸಾಕುವುದೆಂದರೆ ಅದರ ದಿನಚರಿಗೆ ನಾವು ಹೊಂದಿಕೊಂಡು, ಕೈ ಕಟ್ಟಿ ಕುಳಿತು ನೋಡುವುದು. ನಾನು ಹಲವು ವರ್ಷಗಳಿಂದ ಇದನ್ನು ಮಾಡುತ್ತಿದ್ದೇನೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಕೆಲವನ್ನು ಜೇಡಗಳನ್ನು ಕಳೆದುಕೊಂಡೇ ಕಲಿತಿದ್ದೇನೆ. ಓದುಗರು ಅದೇ ತಪ್ಪು ಮಾಡಬಾರದೆಂಬುದು ನನ್ನ ಆಸೆ.

ಯಾವ ಜೇಡ ಎಂದು ಗುರುತಿಸುವುದು

ಕರ್ನಾಟಕದ ಯಾವುದೇ ಊರಿನ ಮನೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜೇಡಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಜಿಗಿಯುವ ಜೇಡ. ಒಂದು ಸೆಂಟಿಮೀಟರ್ ಆಸುಪಾಸಿನ ಈ ಪುಟ್ಟ ಜೀವಿ ಹಗಲಿನಲ್ಲಿ ಕಿಟಕಿಯ ಬಳಿ, ಬಿಸಿಲು ಬೀಳುವ ಗೋಡೆಯ ಮೇಲೆ, ಬಾಲ್ಕನಿಯ ಹೂಕುಂಡಗಳ ನಡುವೆ ತಡೆತಡೆದು ಓಡಾಡುತ್ತದೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವಾಗಿ, ಪುಟ್ಟ ದೀಪಗಳಂತೆ ಮುಂದಕ್ಕೆ ನೋಡುತ್ತಿರುತ್ತವೆ. ನೀವು ಬೆರಳು ಆಡಿಸಿದರೆ ಇಡೀ ಮೈ ತಿರುಗಿಸಿ ನಿಮ್ಮನ್ನೇ ದಿಟ್ಟಿಸುವ ಜೇಡ ಕಂಡರೆ ಅದು ಇದೇ ಎಂದು ನಿಶ್ಚಯವಾಗಿ ತಿಳಿಯಬಹುದು. ನಮ್ಮ ಮನೆಗಳಲ್ಲಿ ಇದರ ಮೂರು ಪ್ರಭೇದಗಳು ಹೆಚ್ಚು. ಪ್ಲೆಕ್ಸಿಪ್ಪಸ್ ಪೇಕುಲ್ಲಿ ಎಂಬುದರ ಗಂಡಿಗೆ ಕಪ್ಪು ಮೈಮೇಲೆ ಉದ್ದಕ್ಕೂ ಬಿಳಿ ಪಟ್ಟಿಗಳಿರುತ್ತವೆ. ಹೆಣ್ಣು ಕಂದು ಬಣ್ಣದ್ದಾಗಿದ್ದು ನಡುವೆ ಅಗಲವಾದ ತಿಳಿ ಪಟ್ಟಿ ಇರುತ್ತದೆ. ಮೆನೆಮೆರಸ್ ಬೈವಿಟ್ಟೇಟಸ್ ಚಪ್ಪಟೆ ಮೈಯ ಬೂದು ಜೇಡ. ಹೊರಗೋಡೆಯ ಬಿರುಕು ಇದಕ್ಕೆ ಇಷ್ಟ. ಹಸೇರಿಯಸ್ ಅಡಾನ್ಸೋನಿಯ ಗಂಡಿನ ಗಾಢ ಹೊಟ್ಟೆಯ ಮೇಲೆ ಅರ್ಧಚಂದ್ರದಂತಹ ಬಿಳಿ ಗೆರೆ ಇರುತ್ತದೆ. ಮೂರೂ ಮನುಷ್ಯರ ಮನೆಗಳ ಜೊತೆಯಲ್ಲೇ ಲೋಕದ ಬೆಚ್ಚನೆಯ ಪ್ರದೇಶಗಳಿಗೆಲ್ಲ ಹರಡಿರುವ ಜೇಡಗಳು. ಹೊಸಬರಿಗೆ ನಾನು ನಿಸ್ಸಂಕೋಚವಾಗಿ ಸೂಚಿಸುವುದು ಪ್ಲೆಕ್ಸಿಪ್ಪಸ್ ಹೆಣ್ಣನ್ನು.

ಎರಡನೆಯದು ರಾತ್ರಿ ಬಚ್ಚಲುಮನೆಯಲ್ಲೋ ಉಗ್ರಾಣದಲ್ಲೋ ದೀಪ ಹಾಕಿದೊಡನೆ ಎದೆ ಝಲ್ಲೆನಿಸುವ ದೊಡ್ಡ ಗೋಡೆ ಜೇಡ. ಇದರ ವೈಜ್ಞಾನಿಕ ಹೆಸರು ಹೆಟೆರೊಪೋಡಾ ವೆನಟೋರಿಯಾ. 1767ರಲ್ಲಿ ಲಿನ್ನೇಯಸ್ ಇದನ್ನು ವರ್ಣಿಸಿದ. ಕಂದು ಬಣ್ಣ, ಚಪ್ಪಟೆ ಮೈ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲುಗಳು. ಕಾಲು ಚಾಚಿದಾಗ ಅಂಗೈಯಗಲ ತುಂಬುತ್ತದೆ, ಆದರೆ ಮೈ ಮಾತ್ರ ಎರಡು ಎರಡೂವರೆ ಸೆಂಟಿಮೀಟರ್ ಅಷ್ಟೇ. ಕಣ್ಣುಗಳ ಕೆಳಗೆ ಅಡ್ಡಲಾಗಿ ಮಾಸಲು ಬಿಳಿಯ ಪಟ್ಟಿ ಇರುವುದು ಇದರ ಗುರುತು. ಇದಕ್ಕೆ ಜಿರಳೆಯೇ ಇಷ್ಟದ ಊಟ. ಈ ಕಾರಣಕ್ಕೇ ಹಡಗಿನ ಸರಕಿನ ಜೊತೆ ಉಷ್ಣವಲಯದ ಎಲ್ಲೆಡೆ ತಲುಪಿದ ಮೇಲೂ ಅದಕ್ಕೆ ಎಲ್ಲಿಯೂ ಅನ್ನಕ್ಕೆ ಕೊರತೆಯಾಗಲಿಲ್ಲ.

ಮೂರನೆಯದು ಮಂಚದ ಕೆಳಗೆ, ಬಾಗಿಲ ಹಿಂದೆ, ಅಟ್ಟದ ಮೂಲೆಯಲ್ಲಿ ಸಡಿಲವಾದ ಬಲೆ ಕಟ್ಟಿ ತಲೆಕೆಳಗಾಗಿ ತೂಗುವ, ಕೂದಲೆಳೆಯಂತಹ ಕಾಲುಗಳ ಜೇಡ. ನಮ್ಮಲ್ಲಿ ಕ್ರಾಸೋಪ್ರೈಜಾ ಲಿಯೋನಿ ಎಂಬುದು ಬಹಳ ಸಾಮಾನ್ಯ. ಮುಟ್ಟಿದರೆ ಇದು ತನ್ನ ಮೈಯನ್ನು ಎಷ್ಟು ವೇಗವಾಗಿ ಅಲುಗಿಸುತ್ತದೆಯೆಂದರೆ ಆಕಾರವೇ ಮಸುಕಾಗಿ ಕಾಣುತ್ತದೆ. ಇದನ್ನು ಡಬ್ಬಿಯಲ್ಲಿ ಹಾಕಬೇಡಿ. ಕಾಲುಗಳು ಸುಲಭವಾಗಿ ಮುರಿಯುತ್ತವೆ, ಬಲೆಗೆ ಜಾಗವೂ ಸಾಲದು. ಇದನ್ನು ಸಾಕುವ ಸರಿಯಾದ ಕ್ರಮವೆಂದರೆ ಮನೆಯ ಒಂದು ಮೂಲೆಯನ್ನು ಅದಕ್ಕೇ ಎಂದು ಬಿಟ್ಟು, ಪೊರಕೆ ಹಿಡಿದವರಿಗೆ ಮೊದಲೇ ಹೇಳಿಟ್ಟು, ಆಗಾಗ ಹೋಗಿ ನೋಡುವುದು. ತಾಯಿ ಜೇಡವು ತೆಳುವಾದ ನೂಲಿನಿಂದ ಹೊಂದಿಸಿದ ಮೊಟ್ಟೆಗಳ ಗೊಂಚಲನ್ನು ಬಾಯಲ್ಲಿ ಕಚ್ಚಿಕೊಂಡು, ಮರಿಯಾಗುವವರೆಗೂ ಕಾಯುವುದನ್ನು ಆ ಮೂಲೆಯಲ್ಲೇ ಕಾಣಬಹುದು.

ಮುಟ್ಟಬಾರದವು

ಮರದ ಪೊಟರೆಯಲ್ಲಿ ಅಥವಾ ನೆಲದ ಬಿಲದಲ್ಲಿ ಇರುವ, ದಪ್ಪ ಕಾಲುಗಳ, ಮೈತುಂಬ ರೋಮವಿರುವ ದೊಡ್ಡ ಜೇಡಗಳನ್ನು ಹಿಡಿಯಲೇಬಾರದು. ಪಶ್ಚಿಮ ಘಟ್ಟಗಳ ಮರಗಳಲ್ಲಿ ಇರುವ ಪೊಯಿಸಿಲೋಥೀರಿಯಾ ಕುಲದ ಜೇಡಗಳ ಕಡಿತದಿಂದ ತೀವ್ರವಾದ ನೋವು ಮತ್ತು ಸ್ನಾಯುಸೆಳೆತ ಬರುತ್ತವೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಅವುಗಳ ಸೊಗಸಾದ ಬಣ್ಣಕ್ಕೆ ಮರುಳಾದ ವಿದೇಶಿ ಸಾಕಣೆದಾರರ ಬೇಡಿಕೆಯಿಂದ ಅವು ಕಾಡಿನಲ್ಲಿ ಸಂಕಷ್ಟಕ್ಕೆ ಸಿಕ್ಕಿವೆ. 2019ರಲ್ಲಿ ಈ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು ಸೈಟಿಸ್ ಪಟ್ಟಿಯ ಜೀವಿಗಳನ್ನೂ ಒಳಗೊಳ್ಳುತ್ತದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಯಾವ ಜೇಡವನ್ನೂ ತರುವಂತಿಲ್ಲ. ಹಾಗೆಯೇ, ಹೊಳೆಯುವ ಗುಂಡನೆಯ ಹೊಟ್ಟೆಯ ಕೆಳಭಾಗದಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದ ಡಮರುವಿನಾಕಾರದ ಗುರುತಿರುವ ಜೇಡ ಕಂಡರೆ ದೂರವಿರಿ. ಭಾರತದಲ್ಲಿ ಅಪರೂಪವಾಗಿ ಕಾಣುವ ಲ್ಯಾಟ್ರೊಡೆಕ್ಟಸ್ ಕುಲದ ಈ ಜೇಡಗಳ ವಿಷ ಮನುಷ್ಯರಿಗೆ ಅಪಾಯಕಾರಿಯಾಗಬಲ್ಲದು.

ಇಲ್ಲಿ ಮನೆಮಂದಿಯ ಒಂದು ಭಯದ ಬಗ್ಗೆಯೂ ಹೇಳಬೇಕು. ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೋ ಮುಖದ ಮೇಲೋ ಗೆರೆಯಾಗಿ ಎದ್ದ ಉರಿಬೊಬ್ಬೆಗಳನ್ನು ಕಂಡು ‘ಜೇಡ ಹರಿದಿದೆ’ ಎಂದು ಹೇಳುವುದುಂಟು. ಇಂತಹ ಬೊಬ್ಬೆಗಳಿಗೆ ಬಹುಪಾಲು ಕಾರಣ ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಿತ್ತಳೆ ಮತ್ತು ಕಪ್ಪು ಪಟ್ಟೆಗಳ ಪೀಡೆರಸ್ ಎಂಬ ಸಣ್ಣ ಹುಳು. ಮೈಮೇಲೆ ಕುಳಿತ ಅದನ್ನು ಉಜ್ಜಿ ಸಾಯಿಸಿದಾಗ ಅದರ ದೇಹದ್ರವ ಚರ್ಮವನ್ನು ಸುಡುತ್ತದೆ. ಜೇಡದ ಮೇಲೆ ಹೊರಿಸಿದ ಈ ಆರೋಪವನ್ನು ಮನೆಯ ಹಿರಿಯರಿಗೆ ಮೊದಲು ಬಿಡಿಸಿ ಹೇಳಿದರೆ ಜೇಡದ ಡಬ್ಬಿಗೆ ಮನೆಯಲ್ಲಿ ಜಾಗ ಸಿಗುವುದು ಸುಲಭ.

ಹುಡುಕುವುದು

ಜಿಗಿಯುವ ಜೇಡಕ್ಕೆ ಬಿಸಿಲು ಬೇಕು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಪೂರ್ವ ಅಥವಾ ದಕ್ಷಿಣಕ್ಕೆ ಮುಖ ಮಾಡಿದ ಗೋಡೆ, ಕಿಟಕಿಯ ಸರಳು, ಕಾಂಪೌಂಡಿನ ಮೇಲ್ಭಾಗ ಮತ್ತು ತುಳಸಿಕಟ್ಟೆಯ ಅಂಚನ್ನು ನಿಧಾನವಾಗಿ ನೋಡುತ್ತ ಹೋಗಿ. ನಿಮ್ಮ ನೆರಳು ಗೋಡೆಯ ಮೇಲೆ ಬೀಳದಂತೆ ನಿಲ್ಲುವುದು ಮುಖ್ಯ, ಏಕೆಂದರೆ ಈ ಜೇಡದ ದೃಷ್ಟಿ ಬಹಳ ಚುರುಕು. ನೆರಳು ಆಡಿದೊಡನೆ ಬಿರುಕು ಸೇರುತ್ತದೆ. ರಾತ್ರಿ ಉರಿಯುವ ಹೊರದೀಪದ ಸುತ್ತಲಿನ ಗೋಡೆಯನ್ನು ಬೆಳಿಗ್ಗೆ ನೋಡಿದರೆ ಸಿಗುವ ಸಾಧ್ಯತೆ ಹೆಚ್ಚು, ಏಕೆಂದರೆ ದೀಪಕ್ಕೆ ಬಂದ ಹುಳುಗಳು ಅಲ್ಲೇ ಕುಳಿತಿರುತ್ತವೆ.

ಗೋಡೆ ಜೇಡವನ್ನು ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹುಡುಕಬೇಕು. ಸೌದೆ ಕೊಟ್ಟಿಗೆ, ಸ್ನಾನದ ಮನೆಯ ಮೇಲ್ಗೋಡೆ, ಹಳೆಯ ಹೆಂಚಿನ ಮನೆಯ ತೊಲೆ ಮತ್ತು ಗೋಡೆ ಸೇರುವ ಸಂದು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ಹಾಗೂ ಫೋಟೊಗಳ ಹಿಂಭಾಗ ಇವು ಅದರ ಠಾವುಗಳು. ಹಗಲಲ್ಲಿ ಅದು ಕಾಲು ಚಾಚಿ ಚಪ್ಪಟೆಯಾಗಿ ಇಂತಹ ಸಂದಿನಲ್ಲಿ ಮಲಗಿರುತ್ತದೆ.

ಹೆಣ್ಣು ಗೋಡೆ ಜೇಡವೊಂದು ತನ್ನ ಹೊಟ್ಟೆಯಡಿಯಲ್ಲಿ ನಾಣ್ಯದಂತಹ ಚಪ್ಪಟೆ ಮೊಟ್ಟೆಚೀಲವನ್ನು ಹಿಡಿದುಕೊಂಡಿದ್ದರೆ ಅದನ್ನು ಹಿಡಿಯಬೇಡಿ. ಗಾಬರಿಯಾದ ತಾಯಿ ಚೀಲವನ್ನು ಬಿಟ್ಟುಬಿಡಬಹುದು.

ಒಂದು ವಾರ ಹುಡುಕಿದರೂ ಏನೂ ಸಿಗದಿದ್ದರೆ ಮನೆಯಲ್ಲಿ ಕೀಟನಾಶಕದ ಬಳಕೆ ಹೆಚ್ಚಾಗಿದೆಯೇ ಎಂದು ಯೋಚಿಸಿ. ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವೂ ಕಾರಣವಿರಬಹುದು. ಅದು ಜೇಡಗಳನ್ನು ಚುಚ್ಚಿ, ಸಾಯಿಸದೆ ನಿಶ್ಚೇಷ್ಟಗೊಳಿಸಿ, ತನ್ನ ಮರಿಗೆ ಆಹಾರವಾಗಿ ಗೂಡಿನಲ್ಲಿ ತುಂಬುತ್ತದೆ. ಉದುರಿಬಿದ್ದ ಅಂತಹ ಗೂಡೊಂದನ್ನು ಒಮ್ಮೆ ಒಡೆದು ನೋಡಿದಾಗ ನಮ್ಮ ಬಾಲ್ಕನಿಯ ಅಷ್ಟೂ ಜೇಡಗಳು ಅದರಲ್ಲೇ ಸಿಕ್ಕಿದವು.

ಹಿಡಿಯುವುದು

ಅಗಲ ಬಾಯಿಯ ಗಾಜಿನ ಲೋಟ ಮತ್ತು ಮದುವೆ ಕರೆಯೋಲೆಯಷ್ಟು ದಪ್ಪದ ಒಂದು ರಟ್ಟು ಸಾಕು. ಬೆರಳಿನಿಂದಾಗಲಿ ಚಿಮಟದಿಂದಾಗಲಿ ಹಿಡಿಯಬಾರದು; ಜೇಡದ ಹೊಟ್ಟೆ ನೀರು ತುಂಬಿದ ಬಲೂನಿನಷ್ಟು ಸೂಕ್ಷ್ಮ, ಅದಕ್ಕಾದ ಗಾಯ ಹೆಚ್ಚಾಗಿ ವಾಸಿಯಾಗುವುದಿಲ್ಲ.

ಲೋಟವನ್ನು ಜೇಡದ ಮೇಲೆ ನಿಧಾನವಾಗಿ, ನೇರವಾಗಿ ಕವುಚಿ. ಕಾಲುಗಳು ಅಂಚಿನಡಿ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು, ರಟ್ಟನ್ನು ಗೋಡೆ ಮತ್ತು ಲೋಟದ ನಡುವೆ ತೂರಿಸಿ. ಜೇಡವು ರಟ್ಟಿನ ಮೇಲೆ ತಾನಾಗಿ ಹತ್ತುವವರೆಗೆ ಕಾಯಿರಿ, ಒತ್ತಾಯಿಸಬೇಡಿ. ಜಿಗಿಯುವ ಜೇಡವನ್ನು ಇನ್ನೂ ಸುಲಭವಾಗಿ ಹಿಡಿಯಬಹುದು: ಡಬ್ಬಿಯ ಬಾಯನ್ನು ಅದರ ಮುಂದೆ ಹಿಡಿದು, ಹಿಂದಿನಿಂದ ಮೃದುವಾದ ಬಣ್ಣದ ಕುಂಚದಿಂದ ಸವರಿದಂತೆ ಮಾಡಿದರೆ ಅದೇ ಒಳಕ್ಕೆ ನಡೆದುಹೋಗುತ್ತದೆ. ಅದು ಜಿಗಿದು ತಪ್ಪಿಸಿಕೊಂಡರೂ ಹಿಂದೆ ನೂಲಿನ ಎಳೆಯೊಂದನ್ನು ಬಿಟ್ಟಿರುತ್ತದೆ. ಪ್ರತಿ ನೆಗೆತಕ್ಕೂ ಮುನ್ನ ಅದು ತನ್ನನ್ನು ಆ ಎಳೆಯಿಂದ ಕಟ್ಟಿಕೊಳ್ಳುತ್ತದೆ.

ಗೋಡೆ ಜೇಡವು ಮಿಂಚಿನಂತೆ ಓಡುತ್ತದೆ. ಅದಕ್ಕೆ ಅರ್ಧ ಕಿಲೋ ಹಿಡಿಯುವ ಅಗಲ ಬಾಯಿಯ ಡಬ್ಬಿ ಬೇಕು, ಜೊತೆಗೆ ಅಡ್ಡ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು. ಒಂದೆರಡು ಬಾರಿ ತಪ್ಪಿಸಿಕೊಂಡರೆ ಅಂದಿಗೆ ಬಿಟ್ಟುಬಿಡಿ. ಓಡಿಸಿ ದಣಿಸಿದ ಜೇಡ ಹೊಸ ಮನೆಗೆ ಒಗ್ಗುವುದು ತಡವಾಗುತ್ತದೆ.

ಮನೆ ಕಟ್ಟಿಕೊಡುವುದು

ಹೊಸಬರ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ, ಆದ್ದರಿಂದ ಈ ಭಾಗವನ್ನು ವಿವರವಾಗಿ ಹೇಳುತ್ತೇನೆ.

ಜಿಗಿಯುವ ಜೇಡಕ್ಕೆ ಚಕ್ಕುಲಿ ಕೋಡುಬಳೆ ತುಂಬಿಡುವ ಒಂದು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬರಣಿ ಚೆನ್ನಾಗಿ ಹೊಂದುತ್ತದೆ. ಈ ಜೇಡವು ರಾತ್ರಿ ಮಲಗಲು ಮತ್ತು ಪೊರೆ ಬಿಡಲು, ಸಿಕ್ಕಿದ ಜಾಗದ ಅತ್ಯಂತ ಎತ್ತರದ ಮೂಲೆಯಲ್ಲಿ ಬಿಳಿಯ ನೂಲಿನ ಚೀಲವೊಂದನ್ನು ನೇಯುತ್ತದೆ. ಬರಣಿಯ ಮುಚ್ಚಳ ಮೇಲಿದ್ದರೆ ಚೀಲವು ಮುಚ್ಚಳಕ್ಕೇ ಅಂಟುತ್ತದೆ, ಊಟ ಹಾಕಲು ನೀವು ಮುಚ್ಚಳ ತೆರೆದಾಗಲೆಲ್ಲ ಅದರ ಮನೆ ಹರಿಯುತ್ತದೆ. ನನ್ನ ಮೊದಲ ಜೇಡವು ಹೀಗೆ ನಾಲ್ಕು ಬಾರಿ ಮನೆ ಕಟ್ಟಿ, ಐದನೆಯ ಬಾರಿ ಕಟ್ಟದೆ ಬರಣಿಯ ತಳದಲ್ಲಿ ಕುಳಿತುಬಿಟ್ಟಿತು. ತಪ್ಪು ತಿಳಿದ ಮೇಲೆ ನಾನು ಬರಣಿಯನ್ನು ತಲೆಕೆಳಗು ಮಾಡಿದೆ. ನೀವೂ ಮೊದಲಿನಿಂದಲೇ ಹಾಗೆ ಮಾಡಿ: ಮುಚ್ಚಳ ಕೆಳಗೆ, ತಳ ಮೇಲೆ. ಆಗ ಜೇಡವು ಮೇಲಿನ ಮೂಲೆಯಲ್ಲಿ ಚೀಲ ಕಟ್ಟುತ್ತದೆ. ನೀವು ಬರಣಿಯನ್ನು ತುಸು ಎತ್ತಿ ಕೆಳಗಿನ ಮುಚ್ಚಳವನ್ನು ಬಿಚ್ಚಿ ಕೆಲಸ ಮಾಡಬಹುದು.

ಗಾಳಿಗಾಗಿ ದಬ್ಬಳವನ್ನು ಒಲೆಯಲ್ಲಿ ಕಾಯಿಸಿ, ಬರಣಿಯ ಎರಡು ಎದುರುಬದುರು ಪಕ್ಕಗಳಲ್ಲಿ ಹದಿನೈದು ಇಪ್ಪತ್ತು ತೂತು ಮಾಡಿ. ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಇದ್ದರೆ ಗಾಳಿ ಆಡುತ್ತದೆ. ತೂತು ಸಣ್ಣದಾಗಿರಲಿ, ಇಲ್ಲವಾದರೆ ಊಟಕ್ಕೆಂದು ಹಾಕಿದ ಬಾಳೆಹಣ್ಣಿನ ನೊಣ ಹೊರಬರುತ್ತದೆ. ಪ್ಲಾಸ್ಟಿಕ್ ಕರಗುವ ಹೊಗೆ ಪೂರ್ತಿ ಹೋಗುವಂತೆ ಬರಣಿಯನ್ನು ತೊಳೆದು ಎರಡು ದಿನ ಬಯಲಿನಲ್ಲಿಡಿ. ತೊಳೆಯುವುದಕ್ಕೆ ಬಿಸಿನೀರು ಸಾಕು, ಸೋಪಿನ ಪುಡಿ ಬೇಡ.

ಒಳಗೆ ಒಣಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿ. ಮೇಲ್ಭಾಗದ ಹತ್ತಿರ ಒಣಗಿದ ಎಲೆಯೊಂದನ್ನು ಸಿಕ್ಕಿಸಿದರೆ ಅದರ ಮರೆಯಲ್ಲಿ ಚೀಲ ನೇಯಲು ಅನುಕೂಲ. ಕೆಳಗೆ ಮುಚ್ಚಳಕ್ಕೆ ಸರಿಹೊಂದುವಂತೆ ಕತ್ತರಿಸಿದ ಬಿಳಿ ಕಾಗದ ಹಾಸಿ. ಹಿಕ್ಕೆ, ತಿಂದುಳಿದ ರೆಕ್ಕೆ, ಬಿಟ್ಟ ಪೊರೆ ಎಲ್ಲ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತವೆ, ಬದಲಿಸುವುದೂ ಸುಲಭ. ಚಂದ ಕಾಣಲೆಂದು ಮಣ್ಣು, ಪಾಚಿ, ಗಿಡ ಎಂದು ತುಂಬುವ ಹಂಬಲವನ್ನು ಮೊದಲ ಕೆಲವು ತಿಂಗಳು ತಡೆದುಕೊಳ್ಳಿ, ಏಕೆಂದರೆ ತೇವ ಹಿಡಿದ ಮಣ್ಣಿನಲ್ಲಿ ಬೂಷ್ಟು ಬಹಳ ಬೇಗ ಬರುತ್ತದೆ.

ಗೋಡೆ ಜೇಡಕ್ಕೆ ಇದು ಸಾಲದು. ಅದು ಪೊರೆ ಬಿಡುವಾಗ ನೂಲಿನಿಂದ ತಲೆಕೆಳಗಾಗಿ ತೂಗುಬಿದ್ದು, ಹಳೆಯ ಕವಚದಿಂದ ಉದ್ದನೆಯ ಕಾಲುಗಳನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕಾಲು ತಳಕ್ಕೆ ತಾಗಿದರೆ ಸೊಟ್ಟಗಾಗಿ ಹಾಗೆಯೇ ಗಟ್ಟಿಯಾಗುತ್ತದೆ. ಆದುದರಿಂದ ಡಬ್ಬಿಯ ಎತ್ತರವು ಜೇಡದ ಕಾಲಿನ ಚಾಚಿಗಿಂತ ಮೂರು ಪಟ್ಟಾದರೂ ಇರಬೇಕು. ಹಳೆಯ ಮೀನಿನ ಗಾಜಿನ ತೊಟ್ಟಿಯನ್ನು ನಿಲ್ಲಿಸಿ, ಬಾಯಿಗೆ ಸೊಳ್ಳೆ ಪರದೆಯ ಬಟ್ಟೆಯನ್ನು ಬಿಗಿದರೆ ಒಳ್ಳೆಯ ಮನೆಯಾಗುತ್ತದೆ. ಒಳಗೆ ಮರದ ತೊಗಟೆಯ ಅಗಲ ತುಂಡೊಂದನ್ನು ಗೋಡೆಗೆ ಒರಗಿಸಿ, ಅದರ ಹಿಂದೆ ಜೇಡ ಹಗಲು ಕಳೆಯುತ್ತದೆ.

ಯಾವ ಮನೆಯನ್ನೇ ಆದರೂ ನೇರ ಬಿಸಿಲಿನಲ್ಲಿ ಇಡಬೇಡಿ. ಮುಚ್ಚಿದ ಬರಣಿ ಹೊರಗಿನ ಗಾಳಿಗಿಂತ ಬಹಳ ಬೇಗ ಕಾಯುತ್ತದೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಮರೆತು ಇಟ್ಟ ಬರಣಿಯನ್ನು ನಾನು ಸ್ನಾನ ಮುಗಿಸಿ ಬಂದು ನೋಡುವಷ್ಟರಲ್ಲಿ ಜೇಡ ಸತ್ತಿತ್ತು. ಕಿಟಕಿಯ ಬೆಳಕು ಬೀಳುವ, ಬಿಸಿಲು ತಾಗದ ಮೇಜು ಸರಿಯಾದ ಸ್ಥಳ. ಜಿಗಿಯುವ ಜೇಡಕ್ಕೆ ಬೆಳಕು ಅಗತ್ಯ. ಕತ್ತಲೆಯ ಮೂಲೆಯಲ್ಲಿಟ್ಟರೆ ಅದು ಬೇಟೆಯಾಡುವುದಿಲ್ಲ.

ಇರುವೆಗಳಿಂದ ರಕ್ಷಿಸುವುದು ನಮ್ಮ ಮನೆಗಳಲ್ಲಿ ವಿಶೇಷವಾಗಿ ಮುಖ್ಯ. ಸತ್ತ ಹುಳುವಿನ ವಾಸನೆಗೆ ಬಂದ ಕೆಂಪಿರುವೆಗಳು ಚೀಲದೊಳಗಿನ ಜೇಡವನ್ನೂ ಬಿಡುವುದಿಲ್ಲ. ಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುವಂತೆ ಬರಣಿಯನ್ನೂ ಇಡಿ. ಇರುವೆ ಚಾಕ್ ಅಥವಾ ಪುಡಿಯನ್ನು ಆ ಕೋಣೆಯಲ್ಲೇ ಬಳಸಬಾರದು. ಸೊಳ್ಳೆ ಬತ್ತಿ, ಸೊಳ್ಳೆಗೆ ಹಚ್ಚುವ ದ್ರವದ ಯಂತ್ರ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಔಷಧ ಕೀಟಕ್ಕೆ ಹೇಗೋ ಜೇಡಕ್ಕೂ ಹಾಗೆಯೇ ವಿಷ.

ನೀರು

ಜೇಡವು ಹಸಿವನ್ನು ವಾರಗಟ್ಟಲೆ ತಾಳುತ್ತದೆ, ಬಾಯಾರಿಕೆಯನ್ನು ತಾಳುವುದಿಲ್ಲ. ಅದರ ಕಾಲುಗಳ ಮುಖ್ಯ ಕೀಲುಗಳನ್ನು ಚಾಚುವುದಕ್ಕೆ ಸ್ನಾಯುಗಳಿಲ್ಲ. ದೇಹದ ದ್ರವವನ್ನು ಒತ್ತಡದಿಂದ ಕಾಲಿಗೆ ನುಗ್ಗಿಸಿ ಚಾಚುತ್ತದೆ. ಜಿಗಿಯುವ ಜೇಡದ ನೆಗೆತಕ್ಕೂ ಈ ಒತ್ತಡವೇ ಬಲ. ನೀರು ಕಡಿಮೆಯಾದರೆ ಒತ್ತಡ ಇಳಿದು ಕಾಲುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಸತ್ತ ಜೇಡಗಳೆಲ್ಲ ಮುಷ್ಟಿಯಂತೆ ಮಡಚಿರುವುದು ಈ ಕಾರಣಕ್ಕೆ. ಹೊಟ್ಟೆ ಸುಕ್ಕುಗಟ್ಟಿ, ಕಾಲು ಒಳಕ್ಕೆ ಸರಿಯುತ್ತಿರುವ ಜೇಡ ಕಂಡರೆ ಅದರ ಬಾಯಿಯ ಹತ್ತಿರ ಕುಂಚದ ತುದಿಯಿಂದ ಒಂದು ಹನಿ ನೀರು ತಾಗಿಸಿ. ಎಷ್ಟೋ ಬಾರಿ ಅರ್ಧ ಗಂಟೆಯಲ್ಲಿ ಎದ್ದು ನಡೆಯುತ್ತದೆ.

ದಿನನಿತ್ಯಕ್ಕೆ, ಎರಡು ದಿನಕ್ಕೊಮ್ಮೆ ಬರಣಿಯ ಒಂದು ಪಕ್ಕಕ್ಕೆ ಮಾತ್ರ ಸ್ಪ್ರೇ ಬಾಟಲಿಯಿಂದ ಹನಿಗಳು ಕೂರುವಂತೆ ನೀರು ಚಿಮುಕಿಸಿ. ಚೀಲದ ಮೇಲೆ ಬೀಳಬಾರದು. ಬಳ್ಳಾರಿ, ರಾಯಚೂರು, ಕಲಬುರಗಿಯಂತಹ ಕಡೆ ಬೇಸಿಗೆಯಲ್ಲಿ ದಿನವೂ ಬೇಕಾಗಬಹುದು. ಕರಾವಳಿ ಮಲೆನಾಡಿನ ಜೂನ್ ಜುಲೈ ತಿಂಗಳಿನಲ್ಲಿ ವಾರಕ್ಕೊಮ್ಮೆ ಕೊಟ್ಟರೂ ಹೆಚ್ಚು, ಆಗ ಬೂಷ್ಟಿನದೇ ಚಿಂತೆ. ಸಂಜೆಯೊಳಗೆ ಹನಿಗಳು ಆರಿಹೋಗುವಷ್ಟು ನೀರು ಸರಿಯಾದ ಪ್ರಮಾಣ. ಗೋಡೆ ಜೇಡಕ್ಕೆ ನೀರಿನ ಬಾಟಲಿಯ ಮುಚ್ಚಳದಲ್ಲಿ ನಾಲ್ಕು ಹರಳುಕಲ್ಲು ಹಾಕಿ ನೀರು ತುಂಬಿಡಿ. ಒದ್ದೆ ಹತ್ತಿಯನ್ನು ಇಡುವ ಅಭ್ಯಾಸ ಕೆಲವರಿಗಿದೆ, ಅದು ಎರಡೇ ದಿನದಲ್ಲಿ ಕೊಳೆಯುತ್ತದೆ.

ಊಟ

ಜೀವಂತವಾಗಿ ಚಲಿಸುವ ಹುಳುವನ್ನು ಮಾತ್ರ ಕೊಡಿ. ಜಿಗಿಯುವ ಜೇಡಕ್ಕೆ ತನ್ನ ಮೈಯಷ್ಟು ಅಥವಾ ಅದಕ್ಕಿಂತ ಚಿಕ್ಕ ಹುಳು ತಕ್ಕದ್ದು. ಸೊಳ್ಳೆ, ಮನೆನೊಣ, ಹಳೆಯ ರವೆ ಮತ್ತು ಹಿಟ್ಟಿನ ಡಬ್ಬಿಯಿಂದ ಏಳುವ ಬೂದು ಪತಂಗ, ಮುಂಗಾರಿನ ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲು ಎಲ್ಲವೂ ಆಗುತ್ತವೆ. ಅಕ್ಕಿಯಲ್ಲಾಗುವ ಗಟ್ಟಿ ಮೈಯ ಹುಳುವನ್ನು ಅದು ಮುಟ್ಟುವುದಿಲ್ಲ. ಇರುವೆ, ಕಣಜ, ಜರಿಗಳನ್ನು ಕೊಡಲೇಬಾರದು. ಗೋಡೆ ಜೇಡಕ್ಕೆ ಜಿರಳೆ, ಮಿಡತೆ, ಜೀರುಂಡೆಯಂತೆ ಕೂಗುವ ಮನೆ ಕ್ರಿಕೆಟ್ ಹುಳು ಸರಿ. ಆದರೆ ಹೊರಗಿನಿಂದ ಹಿಡಿದ ಜಿರಳೆ ವಿಷ ತಿಂದಿರುವ ಸಂಭವ ಇರುತ್ತದೆ, ನಿಮ್ಮ ಮನೆಯಲ್ಲೂ ಅಕ್ಕಪಕ್ಕದಲ್ಲೂ ಔಷಧ ಹೊಡೆದಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ ಕೊಡಿ.

ನಿರಂತರ ಪೂರೈಕೆಗೆ ಬಾಳೆಹಣ್ಣಿನ ನೊಣವನ್ನು ನೀವೇ ಬೆಳೆಸಬಹುದು. ಚೆನ್ನಾಗಿ ಕಳಿತ ಪಚ್ಚಬಾಳೆಯ ಒಂದು ತುಂಡನ್ನು ಬಾಟಲಿಗೆ ಹಾಕಿ, ಬಾಯಿಗೆ ಕಾಗದದ ಕೊಳವೆಯೊಂದನ್ನು ಕೆಳಕ್ಕೆ ಚೂಪಾಗಿ ಸಿಕ್ಕಿಸಿ ಅಡುಗೆಮನೆಯಲ್ಲಿಡಿ. ಒಂದೆರಡು ದಿನಗಳಲ್ಲಿ ಒಳಹೊಕ್ಕ ನೊಣಗಳು ಹೊರದಾರಿ ಕಾಣದೆ ಉಳಿಯುತ್ತವೆ. ಕೊಳವೆ ತೆಗೆದು ಬಟ್ಟೆ ಕಟ್ಟಿ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಮಾರು ಹತ್ತು ದಿನಕ್ಕೆ ಮುಂದಿನ ಪೀಳಿಗೆ ಹೊರಬರುತ್ತದೆ. ಎರಡು ಬಾಟಲಿಗಳನ್ನು ವಾರದ ಅಂತರದಲ್ಲಿ ಆರಂಭಿಸಿದರೆ ಕೊರತೆಯಾಗದು. ವರ್ಗಾಯಿಸುವ ಮುನ್ನ ಬಾಟಲಿಯನ್ನು ಮೂರು ನಾಲ್ಕು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ಮಂದವಾಗುತ್ತವೆ, ಎಣಿಸಿ ಬರಣಿಗೆ ಉದುರಿಸಬಹುದು. ಬೆಳೆದ ಪ್ಲೆಕ್ಸಿಪ್ಪಸ್‌ಗೆ ಈ ನೊಣ ಚಿಕ್ಕದು, ಒಂದು ಹೊತ್ತಿಗೆ ಐದಾರು ಬೇಕು. ಮರಿಗಳಿಗೆ ಇದೇ ಸರಿ.

ಬೆಳೆದ ಜೇಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ, ಮರಿಗೆ ಎರಡು ದಿನಕ್ಕೊಮ್ಮೆ ಊಟ ಸಾಕು. ಗಡಿಯಾರಕ್ಕಿಂತ ಹೊಟ್ಟೆಯನ್ನು ನೋಡುವುದು ಒಳ್ಳೆಯ ಅಳತೆ. ಹೊಟ್ಟೆಯು ಮೈಯ ಮುಂಭಾಗಕ್ಕಿಂತ ಸಣ್ಣದಾಗಿದ್ದರೆ ಹಸಿದಿದೆ; ಮುಂಭಾಗದ ಒಂದೂವರೆಯಷ್ಟು ಅಗಲವಾಗಿ ಹೊಳೆಯುತ್ತಿದ್ದರೆ ಊಟ ನಿಲ್ಲಿಸಿ. ಒಂದು ದಿನದೊಳಗೆ ತಿನ್ನದ ಹುಳುವನ್ನು ಹೊರಕ್ಕೆ ತೆಗೆಯಿರಿ.

ಜಿಗಿಯುವ ಜೇಡದ ಬೇಟೆಯನ್ನು ಒಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ ಕೂತು ನೋಡಬೇಕು. ನೊಣವನ್ನು ಕಂಡೊಡನೆ ಅದು ತಿರುಗಿ ನಿಲ್ಲುತ್ತದೆ, ಬೆಕ್ಕಿನಂತೆ ಮೈ ತಗ್ಗಿಸಿ ಒಂದೊಂದೇ ಹೆಜ್ಜೆ ಇಡುತ್ತದೆ, ನೊಣ ಚಲಿಸಿದರೆ ನಿಂತುಬಿಡುತ್ತದೆ. ಕೆಲವೊಮ್ಮೆ ನೇರ ದಾರಿ ಬಿಟ್ಟು ಕಡ್ಡಿಯ ಹಿಂದಿನಿಂದ ಸುತ್ತಿ ಬಂದು, ಮೇಲಿನಿಂದ ಎರಗುತ್ತದೆ. ಹಿಡಿದ ಮೇಲೆ ವಿಷ ಚುಚ್ಚಿ, ಜೀರ್ಣರಸ ಸುರಿಸಿ, ಕರಗಿದ ಭಾಗವನ್ನು ಹೀರುತ್ತದೆ. ಜೇಡಕ್ಕೆ ಗಟ್ಟಿ ಆಹಾರ ನುಂಗಲು ಬರುವುದಿಲ್ಲ.

ಪೊರೆ ಬಿಡುವ ಕಾಲ

ಒಂದು ದಿನ ನಿಮ್ಮ ಜೇಡವು ಊಟ ಬಿಡುತ್ತದೆ, ಬಣ್ಣ ಮಂಕಾಗುತ್ತದೆ, ಚೀಲವನ್ನು ದಪ್ಪವಾಗಿ ನೇಯ್ದು ಬಾಯಿ ಮುಚ್ಚಿ ಒಳಗೆ ಸೇರುತ್ತದೆ. ಒಂದು ವಾರವಾದರೂ ಹೊರಬಾರದಿದ್ದಾಗ ಸತ್ತೇಹೋಯಿತೆಂದು ಚೀಲ ಬಿಡಿಸಿ ನೋಡುವುದು ಹೊಸಬರ ದೊಡ್ಡ ತಪ್ಪು. ಹಾಗೆ ಮಾಡಿದರೆ ನಿಜವಾಗಿಯೇ ಸಾಯುತ್ತದೆ. ಆ ಕಾಲದಲ್ಲಿ ಬರಣಿಯಲ್ಲಿ ಯಾವ ಹುಳುವೂ ಇರಬಾರದು, ಏಕೆಂದರೆ ಪೊರೆ ಬಿಟ್ಟ ಜೇಡದ ಮೈ ಮೆತ್ತಗಿರುತ್ತದೆ, ಒಂದು ಕ್ರಿಕೆಟ್ ಹುಳು ಕೂಡ ಅದನ್ನು ಕಚ್ಚಿ ಗಾಯ ಮಾಡಬಲ್ಲದು. ದಿನ ಬಿಟ್ಟು ದಿನ ಎದುರು ಗೋಡೆಗೆ ನಾಲ್ಕು ಹನಿ ನೀರು ಮಾತ್ರ ಚಿಮುಕಿಸಿ. ಜೇಡ ಹೊರಬಂದ ಮೇಲೂ ಮೂರು ನಾಲ್ಕು ದಿನ ಕಾದು ಊಟ ಕೊಡಿ. ಕಾಲು ಮುರಿದಿದ್ದ ಎಳೆಯ ಜೇಡಕ್ಕೆ ಮುಂದಿನ ಪೊರೆಗಳಲ್ಲಿ ಹೊಸ ಕಾಲು ಚಿಗುರುವುದನ್ನೂ ಕಾಣುವಿರಿ. ಮೊದಲು ಚಿಕ್ಕದಾಗಿ, ಆಮೇಲೆ ಸರಿಸಮವಾಗಿ.

ಬಾಯಿಯ ಪಕ್ಕದ ಎರಡು ಕಿರುಗಾಲುಗಳ ತುದಿ ಉಬ್ಬಿದ್ದರೆ ಅದು ಬೆಳೆದ ಗಂಡು. ಗಂಡು ಜೇಡಗಳ ಆಯುಸ್ಸು ಹೆಣ್ಣಿಗಿಂತ ಕಡಿಮೆ, ಕೊನೆಯ ಪೊರೆಯ ನಂತರ ಅವು ಹೆಣ್ಣನ್ನು ಅರಸುತ್ತ ಊಟವನ್ನೂ ಕಡಿಮೆ ಮಾಡುತ್ತವೆ. ಅಂತಹ ಗಂಡನ್ನು ಇಟ್ಟುಕೊಳ್ಳದೆ ಬಿಟ್ಟುಬಿಡುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಎರಡು ಜೇಡಗಳನ್ನು ಒಂದೇ ಬರಣಿಯಲ್ಲಿ ಇಡುವ ಯೋಚನೆಯನ್ನೇ ಮಾಡಬೇಡಿ, ಒಂದು ಇನ್ನೊಂದನ್ನು ತಿನ್ನುತ್ತದೆ.

ಮೊಟ್ಟೆ ಇಟ್ಟರೆ

ಹೊರಗಿನಿಂದ ಹಿಡಿದ ಬೆಳೆದ ಹೆಣ್ಣು ಮೊದಲೇ ಗಂಡನ್ನು ಕೂಡಿರುವ ಸಂಭವ ಬಹಳ. ಕೆಲವು ವಾರಗಳ ನಂತರ ಅದು ಚೀಲದೊಳಗೆ ಮೊಟ್ಟೆಯಿಟ್ಟು, ಊಟ ಮರೆತು ಕಾವಲು ಕುಳಿತರೆ ಆಶ್ಚರ್ಯಪಡಬೇಡಿ. ಮರಿಗಳು ಹೊರಬಂದಾಗ ಗಾಳಿತೂತುಗಳಿಂದ ನುಸುಳುವಷ್ಟು ಸಣ್ಣಗಿರುತ್ತವೆ. ಎಲ್ಲವನ್ನೂ ಸಾಕುವುದು ಯಾರಿಂದಲೂ ಆಗದು. ಎರಡು ಮೂರು ಮರಿಗಳನ್ನು ಬೇರೆ ಬೇರೆ ಸಣ್ಣ ಡಬ್ಬಿಗಳಿಗೆ ವರ್ಗಾಯಿಸಿಕೊಂಡು, ಬರಣಿಯನ್ನು ಹೂಕುಂಡಗಳ ನಡುವೆ ತೆರೆದಿಡಿ.

ಕೈಮೇಲೆ ಬಿಟ್ಟುಕೊಳ್ಳುವುದು

ಬೇಡ. ಜಿಗಿಯುವ ಜೇಡವು ತಾನಾಗಿ ನಿಮ್ಮ ಬೆರಳಿಗೆ ಹತ್ತಿದರೆ ಮೇಜಿನ ಮೇಲೆ, ನೆಲಕ್ಕೆ ಹತ್ತಿರದಲ್ಲಿ ನೋಡಬಹುದು. ಅದು ಕಚ್ಚುವುದು ಅಪರೂಪ. ಗೋಡೆ ಜೇಡವನ್ನು ಮಾತ್ರ ಎಂದಿಗೂ ಕೈಯಲ್ಲಿ ಹಿಡಿಯಬೇಡಿ, ಅದರ ಕಡಿತ ನೋಯುತ್ತದೆ. ಕಚ್ಚಿದರೆ ಸೋಪು ನೀರಿನಿಂದ ತೊಳೆದು ತಣ್ಣನೆಯ ಪಟ್ಟಿ ಇಡಿ. ಊತ ಹರಡಿದರೆ, ಉಸಿರಾಟಕ್ಕೆ ತೊಂದರೆಯಾದರೆ, ತಲೆಸುತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜಿಗಿಯುವ ಜೇಡವನ್ನು ಮಾತ್ರ ಸಾಕಿ, ಮುಚ್ಚಳ ತೆರೆಯುವ ಕೆಲಸ ದೊಡ್ಡವರದ್ದೇ ಆಗಿರಲಿ.

ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡಿ. ಹಿಡಿದ ದಿನ, ಸ್ಥಳ, ಊಟ ತಿಂದ ಮತ್ತು ಬಿಟ್ಟ ದಿನಗಳು, ಪೊರೆಯ ದಿನಾಂಕ ಇಷ್ಟನ್ನು ಬರೆದರೆ ಸಾಕು. ಗಂಡು ಜೇಡದ ಮುಂದೆ ಸಣ್ಣ ಕನ್ನಡಿಯೊಂದನ್ನು ಹಿಡಿದರೆ ಅದು ತನ್ನ ಬಿಂಬವನ್ನು ಎದುರಾಳಿಯೆಂದು ಭಾವಿಸಿ ಮುಂಗಾಲು ಎತ್ತಿ ನಿಲ್ಲುವುದನ್ನು ನೋಡಬಹುದು. ಅದನ್ನು ಒಂದೆರಡು ನಿಮಿಷಕ್ಕೆ ಮುಗಿಸಿ, ಏಕೆಂದರೆ ಅದಕ್ಕೆ ಅದು ಆಟವಲ್ಲ.

ಮರಳಿ ಬಿಡುವುದು

ಜಿಗಿಯುವ ಜೇಡದ ಒಟ್ಟು ಆಯುಸ್ಸೇ ಹೆಚ್ಚುಕಡಿಮೆ ಒಂದು ವರ್ಷ. ಎರಡು ಮೂರು ತಿಂಗಳು ನೋಡಿ ಬಿಡುವುದು ನನ್ನ ರೂಢಿ. ಹಿಡಿದ ಜಾಗದಲ್ಲೇ ಬಿಡಿ. ಊರಿಗೆ ಹೋದಾಗ ಹಿಡಿದದ್ದನ್ನು ಬೆಂಗಳೂರಿನಲ್ಲಿ, ಇಲ್ಲಿಯದನ್ನು ಅಲ್ಲಿ ಬಿಡುವುದು ಬೇಡ. ಹಿಂದಿನ ದಿನ ಚೆನ್ನಾಗಿ ಉಣಿಸಿ, ನೀರು ಕೊಟ್ಟಿರಿ. ಜಿಗಿಯುವ ಜೇಡವನ್ನು ಮಳೆಯಿಲ್ಲದ ಬೆಳಿಗ್ಗೆ, ಹಲ್ಲಿಗಳು ಒಳಸೇರಿದ ಮೇಲೆ, ಬಿಸಿಲು ಆಗಷ್ಟೇ ಮುಟ್ಟಿದ ಗೋಡೆಗೆ ಬರಣಿಯ ಬಾಯಿ ತಾಗಿಸಿ ಬಿಡಿ. ಗೋಡೆ ಜೇಡವನ್ನು ಕತ್ತಲಾದ ಮೇಲೆ ಅದರ ಹಳೆಯ ಸಂದಿನ ಹತ್ತಿರ ಬಿಡಿ. ತಟ್ಟಬೇಡಿ, ಊದಬೇಡಿ. ಜಿಗಿಯುವ ಜೇಡ ಬರಣಿಯ ಅಂಚಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಒಮ್ಮೆ ನಿಮ್ಮ ಕಡೆ, ಒಮ್ಮೆ ಗೋಡೆಯ ಕಡೆ ತಿರುಗುತ್ತದೆ, ಹೊಟ್ಟೆಯ ತುದಿಯನ್ನು ಅಂಚಿಗೆ ತಾಗಿಸಿ ನೂಲು ಕಟ್ಟಿ, ಆಮೇಲೆ ನೆಗೆಯುತ್ತದೆ. ಬರಣಿಯನ್ನು ಒಳತರುವಾಗ ಆ ಎಳೆ ಇನ್ನೂ ಗೋಡೆಗೆ ಅಂಟಿರುತ್ತದೆ. ಜಗ್ಗಿ ಕೀಳದೆ ಕತ್ತರಿಯಿಂದ ಕತ್ತರಿಸಿ, ಏಕೆಂದರೆ ಇನ್ನೊಂದು ತುದಿಯಲ್ಲಿ ಜೇಡ ತೂಗುತ್ತಿರಬಹುದು.